ಕೊನೆಯ ಐದು ಮೀಟರು

2000ನೇ ಇಸವಿಯ ಮೇ ತಿಂಗಳ ತನಕ ಜನಸಾಮಾನ್ಯರ ಕೈಗೆ ಸಿಗುತ್ತಿದ್ದ ಜಿಪಿಎಸ್, ಬೇಕೆಂದೇ ಕೆಡಿಸಿಟ್ಟ ಸರಕು. ಅಮೆರಿಕದ ಸೇನೆ ತನ್ನ ಉಪಗ್ರಹಗಳ ಸಿಗ್ನಲ್ಲಿಗೆ ತಾನೇ ತಪ್ಪು ಬೆರೆಸಿ ಬಿಡುತ್ತಿತ್ತು. ನೀವು ನಿಂತ ಜಾಗವನ್ನು ಯಂತ್ರ ನೂರು ಮೀಟರ್ ಆಚೀಚೆ ತೋರಿಸಿದರೂ ಸುಮ್ಮನಿರಬೇಕಿತ್ತು. ಮೇ 2ರಂದು ಕ್ಲಿಂಟನ್ ಸರ್ಕಾರ ಈ ಕಲಬೆರಕೆಯನ್ನು ನಿಲ್ಲಿಸಿತು. ಮಾರನೆಯ ದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕಿ, ತಾಕತ್ತಿದ್ದರೆ ಹುಡುಕಿ ಎಂದ. ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಮುಂತಾದವಿದ್ದವು. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಸ್ಥಾನ ಸಾರುವುದು, ಉಳಿದವರು ಜಿಪಿಎಸ್ ಹಿಡಿದು ಅದನ್ನು ಹುಡುಕುವುದು, ಈ ಜಿಯೋಕ್ಯಾಶಿಂಗ್ ಎಂಬ ಆಟ ಹುಟ್ಟಿದ್ದು ಹೀಗೆ. ತಮಾಷೆಯೆಂದರೆ ಇವತ್ತಿನ ನಿಯಮದ ಪ್ರಕಾರ ನೆಲ ಅಗೆದು ಹೂಳುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ಆಟದ ಮೂಲಪುರುಷನೇ ಇವತ್ತು ಅನರ್ಹ!

ಹುಟ್ಟಿದ್ದು ಮರಗಿಡಗಳ ನಡುವೆಯಾದರೂ ಈ ಆಟದ ನಿಜವಾದ ಸ್ವಾರಸ್ಯ ಇರುವುದು ಹಳೇ ಊರುಗಳ ಇಕ್ಕಟ್ಟಿನಲ್ಲಿ ಎಂದು ನನಗನ್ನಿಸುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರವನ್ನೇ ನೋಡಿ. ಮಧ್ಯಯುಗದಲ್ಲಿ ಅಲ್ಲಿ 40ಕ್ಕೂ ಹೆಚ್ಚು ಚರ್ಚುಗಳಿದ್ದವು. ಕಾಲ ಸರಿದಂತೆ ಎಷ್ಟೋ ಬಿದ್ದುಹೋದವು, ಕೆಲವಕ್ಕೆ ಪ್ರಾರ್ಥನೆಗೆ ಬರುವವರೇ ಇಲ್ಲವಾದರು. ಇಂಥ ಭಕ್ತರಿಲ್ಲದ ಚರ್ಚುಗಳನ್ನು ಕಾಪಾಡಲೆಂದೇ ಇಂಗ್ಲೆಂಡಿನಲ್ಲಿ 1969ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬುದು ಅದರ ಈಗಿನ ಹೆಸರು. ಅದರ ಸುಪರ್ದಿನಲ್ಲಿ 350ಕ್ಕೂ ಹೆಚ್ಚು ಚರ್ಚುಗಳಿವೆ. ಯಾರ್ಕಿನ ಗುಡ್ರಮ್‌ಗೇಟ್ ಬೀದಿಯ ಹೋಲಿ ಟ್ರಿನಿಟಿ ಚರ್ಚು 1970ರ ದಶಕದ ಆರಂಭದಲ್ಲಿ ಅದರ ಕೈ ಸೇರಿತು.

ಬೀದಿಯಲ್ಲಿ ನಡೆದು ಹೋಗುವವರಿಗೆ ಈ ಚರ್ಚು ಕಣ್ಣಿಗೆ ಬೀಳುವುದು ಕಷ್ಟ. ಅಂಗಡಿಸಾಲಿನ ನಡುವೆ 1766ರದೊಂದು ಕಮಾನುಬಾಗಿಲಿದೆ, ಅದರೊಳಗೆ ನುಗ್ಗಿದರೆ ಹಸಿರು ಅಂಗಳ, ನಾಲ್ಕೂ ಕಡೆ ಕಟ್ಟಡಗಳ ಬೆನ್ನು. ಬೀದಿಗೆ ಮುಖ ಮಾಡಿ ನಿಂತ ಲೇಡಿ ರೋ ಎಂಬ ಮನೆಸಾಲು 1316ರದು. ಚರ್ಚಿನ ಜಾಗದಲ್ಲೇ ಬಾಡಿಗೆ ಮನೆ ಕಟ್ಟಿಸಿ, ಆ ಆದಾಯದಲ್ಲಿ ಪಾದ್ರಿಯೊಬ್ಬನ ಖರ್ಚು ತೂಗಿಸುವ ಉಪಾಯ ಅದು. ಯಾರ್ಕಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮನೆಗಳಲ್ಲಿ ಇವೂ ಸೇರಿವೆ. ಚರ್ಚಿನ ಒಳಗೆ ಏರುತಗ್ಗಿನ ನೆಲ, ಎದೆಮಟ್ಟದ ಮರದ ಗೋಡೆ ಕಟ್ಟಿದ ಪೆಟ್ಟಿಗೆಯಂಥ ಆಸನಗಳು, ಪೂರ್ವಕ್ಕೆ ಜಾನ್ ವಾಕರ್ ಎಂಬ ಪಾದ್ರಿ 1470ರ ಸುಮಾರಿಗೆ ಕೊಡಿಸಿದ ಬಣ್ಣದ ಗಾಜಿನ ಕಿಟಕಿ.

ಇಂಥ ಅಂಗಳಕ್ಕೆ ಕಾಲಿಟ್ಟ ಕೂಡಲೇ ಮೊಬೈಲಿನ ನೀಲಿ ಚುಕ್ಕೆ ಅಲೆಯತೊಡಗುತ್ತದೆ. ಒಮ್ಮೆ ಗೋಡೆಯ ಆಚೆ, ಒಮ್ಮೆ ಪಕ್ಕದ ಅಂಗಡಿಯ ಮಹಡಿಯ ಮೇಲೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರ ನೋಡಿಕೊಂಡು 'ಈಗ ಇಷ್ಟು ಗಂಟೆ, ನಾನಿರುವುದು ಇಲ್ಲಿ' ಎಂದು ಸಾರುತ್ತಿರುತ್ತದೆ. ಸಿಗ್ನಲ್ ನೆಲಕ್ಕೆ ಬರಲು ಸೆಕೆಂಡಿನ ನೂರನೇ ಏಳು ಭಾಗದಷ್ಟು ಹೊತ್ತು ಸಾಕು. ಆ ಹೊತ್ತನ್ನು ಅಳೆದು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಸಿಕ್ಕಿತು. ಮೊಬೈಲಿನಲ್ಲಿ ಪರಮಾಣು ಗಡಿಯಾರ ಇಲ್ಲವಲ್ಲ, ಅದರ ತಪ್ಪನ್ನೂ ಲೆಕ್ಕದಲ್ಲೇ ಹಿಡಿಯಬೇಕು. ಹಾಗಾಗಿ ಸ್ಥಳದ ಮೂರು ಅಂಕಿಗಳಿಗೆ ಸಮಯದ ಒಂದು ಸೇರಿ, ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ 30 ಸೆಂಟಿಮೀಟರ್ ತಪ್ಪಿದಂತೆ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯಿಂದಾಗಿ ಮೇಲಿನ ಗಡಿಯಾರಗಳು ನಮ್ಮವಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅದನ್ನು ಸರಿದೂಗಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕಿದ ತಪ್ಪು ಜಮೆಯಾಗುತ್ತದೆ.

ಅಷ್ಟು ದೂರದಿಂದ ಬಂದ ಸಿಗ್ನಲ್ ನೆಲ ಮುಟ್ಟುವಾಗ ಎಷ್ಟು ಕ್ಷೀಣವೆಂದರೆ ರಿಸೀವರಿನೊಳಗಿನ ವಿದ್ಯುತ್ ಗದ್ದಲವೇ ಅದಕ್ಕಿಂತ ಜೋರು. ಆದರೂ ಪ್ರತಿ ಉಪಗ್ರಹದ ಸಂಕೇತಮಾಲೆ ಮೊದಲೇ ಗೊತ್ತಿರುವುದರಿಂದ ಮೊಬೈಲು ಅದನ್ನು ಹೆಕ್ಕಿ ತೆಗೆಯುತ್ತದೆ, ಜಾತ್ರೆಯ ಗಲಾಟೆಯಲ್ಲೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸಿದ ಹಾಗೆ. ಕಷ್ಟ ಬರುವುದು ಗೋಡೆಗಳಿಂದ. ಕಲ್ಲಿಗೋ ಇಟ್ಟಿಗೆಗೋ ಬಡಿದು ತಿರುಗಿ ಬಂದ ಸಿಗ್ನಲ್ ನೇರ ಬಂದದ್ದಕ್ಕಿಂತ ಹೆಚ್ಚು ದಾರಿ ಸವೆಸಿರುತ್ತದೆ. ಮೊಬೈಲು ಅದನ್ನು ನಂಬಿ, ಉಪಗ್ರಹ ಇರುವುದಕ್ಕಿಂತ ದೂರದಲ್ಲಿದೆ ಎಂದುಕೊಳ್ಳುತ್ತದೆ. ಬಯಲಲ್ಲಿ ಐದು ಮೀಟರಿನೊಳಗೆ ನಿಲ್ಲುತ್ತಿದ್ದ ತಪ್ಪು ಇಲ್ಲಿ ಹತ್ತಾರು ಮೀಟರಿಗೆ ಹಿಗ್ಗಬಹುದು.

ಗುಡ್ರಮ್‌ಗೇಟಿನಂಥ ಕಿರಿದಾದ ಬೀದಿಯಲ್ಲಿ ಇನ್ನೊಂದು ವಿಚಿತ್ರ. ಬೀದಿಯ ಉದ್ದಕ್ಕೆ ಆಕಾಶ ತೆರೆದಿರುತ್ತದೆ, ಅಡ್ಡಕ್ಕೆ ಎರಡೂ ಬದಿ ಮನೆಗಳು ಮುಚ್ಚಿರುತ್ತವೆ. ಹಾಗಾಗಿ ಬೀದಿಗುಂಟ ನೀವೆಷ್ಟು ಮುಂದೆ ಬಂದಿರಿ ಎಂಬುದನ್ನು ಮೊಬೈಲು ಚೆನ್ನಾಗಿಯೇ ಹೇಳುತ್ತದೆ, ಎಡಬದಿಯಲ್ಲಿದ್ದೀರೋ ಬಲಬದಿಯಲ್ಲೋ ಎಂಬುದರಲ್ಲಿ ಎಡವುತ್ತದೆ. ಮೇಲಾಗಿ ಜಿಪಿಎಸ್ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 55 ಡಿಗ್ರಿ ಓರೆ. ಯಾರ್ಕ್ ಇರುವುದೇ 54 ಡಿಗ್ರಿ ಉತ್ತರದ ಹತ್ತಿರ. ಅಲ್ಲಿಂದ ಉತ್ತರಕ್ಕೆ ತಿರುಗಿ ನೋಡಿದರೆ ಆಕಾಶದ ದೊಡ್ಡದೊಂದು ಭಾಗಕ್ಕೆ ಈ ಉಪಗ್ರಹಗಳು ಸುಳಿಯುವುದೇ ಇಲ್ಲ. ಜಿಪಿಎಸ್ಸಿನಂಥದೇ ರಷ್ಯದ ವ್ಯವಸ್ಥೆಯಾದ ಗ್ಲೊನಾಸ್‌ನ, 65 ಡಿಗ್ರಿಯಷ್ಟು ಓರೆಯಿರುವ ಉಪಗ್ರಹಗಳು ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ.

ಇಲ್ಲೊಂದು ನಿಧಿ ಹುಡುಕಾಟ ಹೂಡಬೇಕೆಂದರೆ, ಅನುಭವಸ್ಥರು ಡಬ್ಬಿಯ ಜಾಗವನ್ನು ನೇರವಾಗಿ ಕೊಡುವುದಿಲ್ಲ. ಕೊಡುವುದು ಚರ್ಚಿನ ಬಾಗಿಲಿನ ಸ್ಥಾನ. ಅಲ್ಲಿಂದ ಮುಂದೆ ಗೋರಿಕಲ್ಲಿನ ಇಸವಿ, ಫಲಕದ ಅಂಕಿ ಓದಿ, ಕೂಡಿ ಕಳೆದು ಡಬ್ಬಿಯ ಜಾಗವನ್ನು ನೀವೇ ಲೆಕ್ಕ ಹಾಕಬೇಕು. ಡಬ್ಬಿ ಚರ್ಚಿನಿಂದ ದೂರ, ಅನುಮತಿ ಸಿಕ್ಕ ಇನ್ನೆಲ್ಲೋ ಕಂಬದ ಹಿಂದೆ ಇರುತ್ತದೆ. ಬೆರಳ ತುದಿಯಷ್ಟು ದೊಡ್ಡದು, ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ, ಒಳಗೆ ಸಹಿ ಹಾಕಲು ಸುರುಳಿ ಸುತ್ತಿದ ಕಾಗದದ ಪಟ್ಟಿ. ಹಳೇ ಗೋಡೆಯ ಸಂದಿಗೆ ಯಾರೂ ಕೈ ಹಾಕಬೇಕಾಗಿ ಬರುವುದಿಲ್ಲ ಎಂಬುದೇ ಈ ಏರ್ಪಾಡಿನ ದೊಡ್ಡ ಗುಣ.

ಈ ಆಟದಲ್ಲಿ ಸ್ಥಾನವನ್ನು ಬರೆಯುವುದು ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟಿನ ಮುಂದೆ ಮೂರು ದಶಮಾಂಶ. ಅಕ್ಷಾಂಶದ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ 1.85 ಮೀಟರ್ ಸರಿದಂತೆ. ರೇಖಾಂಶದ ಕಥೆ ಬೇರೆ. ಧ್ರುವದತ್ತ ಹೋದಂತೆ ರೇಖೆಗಳು ಒತ್ತೊತ್ತಾಗುವುದರಿಂದ ಯಾರ್ಕಿನಲ್ಲಿ ಆ ಒಂದು ಅಂಕಿಗೆ 1.1 ಮೀಟರ್ ಅಷ್ಟೇ, ಅದೇ ಬೆಂಗಳೂರಿನಲ್ಲಾದರೆ 1.8 ಮೀಟರ್. ಸವೆದ ಗೋರಿಕಲ್ಲಿನ ಮೇಲೆ 3 ಮತ್ತು 8 ಒಂದೇ ಥರ ಕಾಣುತ್ತವೆ. ಆ ಅಂಕಿ ಅಕ್ಷಾಂಶದ ಮೂರನೇ ದಶಮಾಂಶಕ್ಕೆ ಹೋಗುವುದಾದರೆ ತಪ್ಪಿದ್ದು ಒಂಬತ್ತು ಮೀಟರ್, ಹೆಚ್ಚೆಂದರೆ ಪಕ್ಕದ ಕಂಬ ತಡಕುತ್ತೀರಿ. ಮೊದಲ ದಶಮಾಂಶಕ್ಕೆ ಹೋಗುವುದಾದರೆ 900 ಮೀಟರ್ ದಾಟಿತು, ನೀವು ಕೋಟೆಗೋಡೆಯಾಚೆ ಯಾರದೋ ಮನೆ ಮುಂದೆ ನಿಂತಿರುತ್ತೀರಿ. ಸಮಚಿತ್ತದ ಆಟಗಾರರು ಕಲ್ಲಿಗೆ ಓರೆಯಾಗಿ ಟಾರ್ಚ್ ಹಿಡಿದು ನೆರಳಿನಲ್ಲಿ ಅಕ್ಷರ ಓದುತ್ತಾರೆ. ಶಾಸನ ಓದುವವರಿಗೆ ಈ ವಿದ್ಯೆ ಹೊಸದಲ್ಲ.

ಇನ್ನೂ ಒಂದು ತೊಡಕಿದೆ, ಆಟಕ್ಕೆ ತಟ್ಟದಷ್ಟು ಸಣ್ಣದು. ಯೂರೇಷ್ಯಾದ ಭೂಫಲಕದ ಜೊತೆ ಯಾರ್ಕ್ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಜರುಗುತ್ತಿದೆ. ಜಿಪಿಎಸ್ಸಿನ ಅಳತೆಯ ಬಲೆ ಇಡೀ ಭೂಮಿಗೆ ಕಟ್ಟಿದ್ದು, ಒಂದು ಖಂಡಕ್ಕಲ್ಲ; ಹಾಗಾಗಿ ನೆಲ ಜರುಗಿದಂತೆ ಅದರ ಅಕ್ಷಾಂಶ ರೇಖಾಂಶಗಳೂ ಬದಲಾಗುತ್ತವೆ. ಈ ವೇಗ ಹೀಗೇ ಇತ್ತೆಂದುಕೊಂಡರೆ ಜಾನ್ ವಾಕರ್ ಕಿಟಕಿ ಕೊಡಿಸಿದಂದಿನಿಂದ ಇಂದಿನವರೆಗೆ ಅವನ ಚರ್ಚು ಕದಲದೆಯೇ ಹದಿಮೂರು ಹದಿನಾಲ್ಕು ಮೀಟರ್ ಪ್ರಯಾಣ ಮಾಡಿದೆ.

ಒಗಟು ಕಟ್ಟುವವರಿಗೆ ಈ ಚರ್ಚಿನಲ್ಲಿ ಇನ್ನೊಂದು ಸಾಮಗ್ರಿಯಿದೆ. 1834ರ ಈಸ್ಟರ್ ಹಬ್ಬದಂದು ಆನ್ ಲಿಸ್ಟರ್ ಎಂಬ ಜಮೀನ್ದಾರಿಣಿ ತನ್ನ ಸಂಗಾತಿ ಆನ್ ವಾಕರ್ ಜೊತೆ ಇಲ್ಲಿ ಪ್ರಸಾದ ಸ್ವೀಕರಿಸಿ, ಅದನ್ನೇ ತಮ್ಮಿಬ್ಬರ ಮದುವೆ ಎಂದು ಬಗೆದಳು. ಅವಳ ದಿನಚರಿ ಐವತ್ತು ಲಕ್ಷ ಪದಗಳಷ್ಟು ದೊಡ್ಡದು. ಅದರ ಆರನೇ ಒಂದು ಪಾಲು ಗ್ರೀಕ್ ಅಕ್ಷರ, ಗಣಿತದ ಚಿಹ್ನೆಗಳನ್ನು ಬೆರೆಸಿ ತಾನೇ ಕಟ್ಟಿಕೊಂಡ ಗುಪ್ತಲಿಪಿಯಲ್ಲಿದೆ. 2018ರಲ್ಲಿ ಚರ್ಚಿನಲ್ಲಿ ಅವಳ ಹೆಸರಿನ ಫಲಕ ಹಾಕಿದಾಗ ಅದರಲ್ಲಿ ಲೆಸ್ಬಿಯನ್ ಎಂಬ ಪದವೇ ಇರಲಿಲ್ಲ. ಜನ ತಕರಾರು ಎತ್ತಿದರು, ಮರುವರ್ಷ ಒಕ್ಕಣೆ ತಿದ್ದಿದ ಹೊಸ ಫಲಕ ಬಂತು. ಹಳೇ ಫಲಕದ ಪದಗಳನ್ನೋ ಅಕ್ಷರಗಳನ್ನೋ ಎಣಿಸಿ ಯಾರಾದರೂ ಒಗಟು ಕಟ್ಟಿದ್ದರೆ ಅವರ ನಿಧಿ ಅಂದಿಗೆ ದಿಕ್ಕು ತಪ್ಪಿತು. 1834 ಎಂಬ ಇಸವಿಯನ್ನು ನೆಚ್ಚಿಕೊಂಡವರು ಬಚಾವು, ಅದು ಎರಡೂ ಫಲಕಗಳಲ್ಲಿತ್ತು.