ನಾಣ್ಯದ ಜೋಡಿ ಅಕ್ಷರ: ದಪ್ಪ ಆಗಿದೆಯೋ, ಸಪೂರ ಆಗಿದೆಯೋ?

ಹೋದ ತಿಂಗಳು ಕಾರವಾರದ ಭಾನುವಾರದ ಸಂತೆಯಲ್ಲಿ 1998ರ ಸ್ಟೀಲ್ ಒಂದು ರೂಪಾಯಿ ನಾಣ್ಯವೊಂದಕ್ಕೆ 400 ರೂಪಾಯಿ ಕೊಟ್ಟೆ. ಇಸವಿಯ ಅಂಕಿಗಳು ಎರಡೆರಡಾಗಿ ಕಾಣುತ್ತಿದ್ದವು. ಮಾರುವವರು "ಡಬಲ್ ಡೈ, ಸಿಗೋದಿಲ್ಲ" ಅಂದರು, ನಾನು ನಂಬಿದೆ. ಆಮೇಲೆ ಮೂರು ವಾರ ಕೂತು ಓದಿದಾಗ ಅದು ಒಂದು ರೂಪಾಯಿಗಷ್ಟೇ ಬಾಳುವ ನಾಣ್ಯ ಅಂತ ತಿಳಿಯಿತು. ತಲೆಗೆ ಹತ್ತಿದ್ದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಈಗಷ್ಟೇ ಶುರು ಮಾಡಿದವರಿಗೆ ಉಪಯೋಗ ಆಗಬಹುದು.

ಮೊದಲು ಅಚ್ಚು

ನಾಣ್ಯ ಹೊಡೆಯುವ ಉಕ್ಕಿನ ಅಚ್ಚು ಡೈ. ಆ ಡೈ ಮಾಡಲು ಬೇಕಾದ ಮೂಲ ಅಚ್ಚು ಹಬ್. ಹಬ್‌ನಲ್ಲಿ ಚಿತ್ರ ಉಬ್ಬಿರುತ್ತದೆ, ಅದನ್ನು ಒತ್ತಿದಾಗ ಡೈನಲ್ಲಿ ತಗ್ಗಾಗಿ ಇಳಿಯುತ್ತದೆ. ಹಿಂದೆ ಒಂದೇ ಸಲ ಒತ್ತಿದರೆ ಪೂರ್ತಿ ಆಳ ಬರುತ್ತಿರಲಿಲ್ಲ. ಒತ್ತಿದ ಉಕ್ಕು ಗಡುಸಾಗಿಬಿಡುತ್ತದೆ, ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಆ ಎರಡನೇ ಸಲ ಹಬ್ ಮತ್ತು ಡೈ ಸರಿಯಾಗಿ ಕೂರದೆ ಚೂರು ತಿರುಗಿದರೆ ಡೈನಲ್ಲೇ ಎರಡು ಚಿತ್ರ ಕೂತುಬಿಡುತ್ತದೆ. ಇದೇ ಡಬಲ್ಡ್ ಡೈ. ಜೋಡಿ ಆಗಿದ್ದು ಅಚ್ಚು, ನಾಣ್ಯ ಅಲ್ಲ. ನಾಣ್ಯ ಒಂದೇ ಏಟು ತಿಂದಿರುತ್ತದೆ.

ಟಾಗೋರ್ ಬೀಚಿನಲ್ಲಿ ಅಲೆ ಹಿಂದೆ ಸರಿದ ಮೇಲೆ ಒದ್ದೆ ಮರಳಿನಲ್ಲಿ ಕಾಲು ಒತ್ತಿ ನೋಡಿ. ಕಾಲು ಹಬ್, ಮರಳು ಡೈ. ಕಾಲೆತ್ತಿ ಅರ್ಧ ಬೆರಳು ಪಕ್ಕಕ್ಕೆ ಮತ್ತೆ ಒತ್ತಿದರೆ ಹೆಜ್ಜೆ ಅಗಲವಾಗುತ್ತದೆ, ಹೆಬ್ಬೆರಳಿನ ಹತ್ತಿರ ಎರಡು ಗುಂಡಗಿನ ಅಂಚು ಬರುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಆಳ. ನಾನು ನಿಜವಾಗಿಯೂ ಹೋಗಿ ಮಾಡಿ ನೋಡಿದೆ. ಆಮೇಲೆ ಪುಸ್ತಕದ ಚಿತ್ರಗಳು ಅರ್ಥವಾದವು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ 1955ರ ಲಿಂಕನ್ ಸೆಂಟ್, ಅಂದರೆ ಲಿಂಕನ್ ಮುಖವಿರುವ ಒಂದು ಸೆಂಟ್ ನಾಣ್ಯ. ಫಿಲಡೆಲ್ಫಿಯಾ ಟಂಕಸಾಲೆಯದು. ಸುಮಾರು 20ರಿಂದ 24 ಸಾವಿರ ನಾಣ್ಯ ಹೊರಗೆ ಹೋದವು ಅನ್ನುತ್ತಾರೆ. ಇಸವಿ, ಲಿಬರ್ಟಿ ಪದ, ಮೇಲಿನ ಧ್ಯೇಯವಾಕ್ಯ ಎಲ್ಲ ಬರಿಗಣ್ಣಿಗೇ ಎರಡೆರಡು ಕಾಣುತ್ತವೆ. ಆದರೆ ಹಿಂದಿನ ಮುಖ ಮಾಮೂಲಿ, ಯಾಕೆಂದರೆ ಅದರ ಡೈ ಬೇರೆ.

ನನಗೆ ಮೂರು ವಾರ ಹಿಡಿದ ಜಾಗ

ನನ್ನ 400 ರೂಪಾಯಿ ನಾಣ್ಯದಲ್ಲಿ ಇರುವುದು ಮಷೀನ್ ಡಬ್ಲಿಂಗ್. ಡೈ ಸರಿಯಾಗೇ ಇರುತ್ತದೆ. ಆದರೆ ಯಂತ್ರದಲ್ಲಿ ಬಿಗಿಯಾಗಿ ಕೂತಿರುವುದಿಲ್ಲ. ಏಟು ಬಿದ್ದು ಅಕ್ಷರ ಮೂಡಿದ ಮರುಕ್ಷಣ ಡೈ ಅಲುಗಿ, ಆಗಷ್ಟೇ ಉಬ್ಬಿದ ಅಕ್ಷರದ ಒಂದು ಬದಿಯನ್ನು ಒತ್ತಿಬಿಡುತ್ತದೆ. ಆ ಬದಿ ಮೆಟ್ಟಿಲಿನ ಹಾಗೆ ಚಪ್ಪಟೆಯಾಗುತ್ತದೆ.

"ಮೆಟ್ಟಿಲು ಕಂಡರೆ ಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹತ್ತದಿದ್ದದ್ದು ಇದು: ಮೆಟ್ಟಿಲು ಅಂದರೂ ಅಕ್ಷರದ ಪಕ್ಕ ಇನ್ನೊಂದು ಗೆರೆ ಬಂದ ಹಾಗೇ ಅಲ್ವಾ? ಜೋಡಿ ಅಕ್ಷರ ಅಂದರೂ ಅದೇ ಅಲ್ವಾ? ಕಣ್ಣಿಗೆ ಎರಡೂ "ಅಕ್ಷರ, ಪಕ್ಕದಲ್ಲಿ ಇನ್ನೊಂದು" ಅಂತಲೇ ಕಾಣುತ್ತವೆ. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

ಬಿಡಿಸಿದ್ದು ಚೌತಿಯ ಮೋದಕದ ಅಚ್ಚು. ಮೋದಕದ ಮೈಮೇಲೆ ಉಬ್ಬಿದ ಗೆರೆಗಳು ಇರುತ್ತವಲ್ಲ, ಅಚ್ಚು ಬಿಡಿಸುವಾಗ ಕೈ ಅಲುಗಿದರೆ ಗೆರೆಯ ಒಂದು ಬದಿ ಒತ್ತಿಹೋಗುತ್ತದೆ. ದೂರದಿಂದ ನೋಡಿದರೆ ಅಲ್ಲಿ ಎರಡು ಗೆರೆ ಇದ್ದ ಹಾಗೆ ಕಾಣುತ್ತದೆ. ಆದರೆ ಹೊಸ ಹಿಟ್ಟು ಎಲ್ಲಿಂದಲೂ ಬಂದಿಲ್ಲ. ಇದ್ದ ಗೆರೆಯೇ ಅರ್ಧ ತಗ್ಗಿದೆ. ಉಳಿದ ಗೆರೆ ಮೊದಲಿಗಿಂತ ಸಪೂರ.

ನಾಣ್ಯದಲ್ಲೂ ಅಷ್ಟೇ. ಮೆಟ್ಟಿಲು ಅಕ್ಷರಕ್ಕೆ ಸೇರಿಕೊಂಡದ್ದಲ್ಲ, ಅಕ್ಷರದಿಂದ ಕಿತ್ತುಕೊಂಡದ್ದು. ಹಾಗಾಗಿ ಮೆಟ್ಟಿಲು ಮತ್ತು ಉಳಿದ ಅಕ್ಷರ ಎರಡನ್ನೂ ಕೂಡಿಸಿದರೆ ಮಾಮೂಲಿ ಅಕ್ಷರದಷ್ಟೇ ಅಗಲ ಬರಬೇಕು. ನಿಜವಾದ ಡಬಲ್ಡ್ ಡೈನಲ್ಲಿ ಕೂಡಿಸಿದರೆ ಮಾಮೂಲಿಗಿಂತ ಜಾಸ್ತಿ ಬರಬೇಕು, ಯಾಕೆಂದರೆ ಅಲ್ಲಿ ಎರಡು ಅಕ್ಷರ ನಿಜವಾಗಿಯೂ ಇವೆ.

ಅಳೆದು ನೋಡಿದೆ. ಅದೇ 1998ರ, ಅದೇ ಮುಂಬೈ ಟಂಕಸಾಲೆಯ ವಜ್ರದ ಗುರುತಿರುವ ಇನ್ನೊಂದು ರೂಪಾಯಿ ಹುಡುಕಿ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಫೋಟೋ ತೆಗೆದೆ. ಬೇರೆ ಬೇರೆ ಫೋಟೋ ತೆಗೆದರೆ ಅಳತೆ ಕೂಡುವುದಿಲ್ಲ, ಇದು ಮುಖ್ಯ. ಫೋನಿನಲ್ಲಿ ಹಿಗ್ಗಿಸಿ ಇಸವಿಯ 1ರ ಕಾಲಿಗೆ ಸ್ಕೇಲ್ ಹಿಡಿದೆ. ಮಾಮೂಲಿ ನಾಣ್ಯದಲ್ಲಿ 7 ಮಿಲಿಮೀಟರ್. ನನ್ನದರಲ್ಲಿ ಉಬ್ಬಿದ ಭಾಗ 4, ಮೆಟ್ಟಿಲು 3. ಕೂಡಿಸಿದರೆ 7. ಅಲ್ಲಿಗೆ 400 ರೂಪಾಯಿಯ ಲೆಕ್ಕ ಮುಗಿಯಿತು, ಆದರೆ ವಿಷಯ ಪೂರ್ತಿ ಅರ್ಥವಾದ ಖುಷಿ ಇದೆಯಲ್ಲ, ಅದು ಬೇರೆಯೇ.

ಈಗ ನಾನು ಯಾವ ನಾಣ್ಯ ಸಿಕ್ಕರೂ ಮೊದಲು ಕೇಳುವ ಪ್ರಶ್ನೆ ಒಂದೇ, ಅಕ್ಷರ ದಪ್ಪ ಆಗಿದೆಯೋ, ಸಪೂರ ಆಗಿದೆಯೋ? ಸಪೂರ ಆಗಿದ್ದರೆ ಅಲ್ಲಿಗೆ ಬಿಟ್ಟೆ. ಇನ್ನೊಂದು ಮಾತು: ಎರಡನೇ ಸಲ ಹಬ್ ಪಕ್ಕಕ್ಕೆ ಸರಿದದ್ದು ತೀರಾ ಕಡಿಮೆಯಾದರೆ ಡಬಲ್ಡ್ ಡೈನಲ್ಲಿ ಎರಡು ಅಕ್ಷರ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ, ಅಕ್ಷರ ಸುಮ್ನೆ ದಪ್ಪಗೆ ಇರುತ್ತದೆ. ಕಣ್ಣು "ಎರಡು" ಅಂತ ಹುಡುಕುತ್ತಾ ಕೂತರೆ ಇಂಥದ್ದು ತಪ್ಪಿಹೋಗುತ್ತದೆ.

ಅಗಲದ ಪರೀಕ್ಷೆ ಪಾಸಾದರೆ ಮೂಲೆ ನೋಡಬೇಕು. ನಿಜವಾದದ್ದರಲ್ಲಿ ಅಕ್ಷರದ ತುದಿ ಬಂಗಡೆ ಬಾಲದ ಹಾಗೆ ಸೀಳಿರುತ್ತದೆ, ಎರಡು ಚೂಪು, ನಡುವೆ ಪುಟ್ಟ ಕಚ್ಚು. ಮೇಲ್ಮೈ ಎರಡರದ್ದೂ ಗುಂಡಗೆ. ಮಷೀನ್ ಡಬ್ಲಿಂಗಿನ ಮೆಟ್ಟಿಲಾದರೆ ಸಪಾಟಾಗಿ, ಉಜ್ಜಿದ ಹಾಗೆ ಹೊಳೆಯುತ್ತದೆ. ಸಿಪ್ಪೆ ಸುಲಿಯುವ ಕತ್ತಿಯಿಂದ ಅಡಿಕೆಯ ಒಂದು ಬದಿ ಸವರಿದ ಹಾಗೆ.

ಟಂಕಸಾಲೆ ಗುರುತಿನ ಸೂತ್ರ

ಅಮೆರಿಕದ ಹಳೆಯ ನಾಣ್ಯಗಳಿಗೆ ಒಂದು ಚಂದದ ಒಳದಾರಿ ಇದೆ. ಆಗ ಟಂಕಸಾಲೆಯ ಗುರುತು ಹಬ್‌ನಲ್ಲಿ ಇರುತ್ತಿರಲಿಲ್ಲ, ಡೈ ತಯಾರಾದ ಮೇಲೆ ಕೈಯಿಂದ ಬೇರೆಯಾಗಿ ಹೊಡೆಯುತ್ತಿದ್ದರು. 1969ರ ಸ್ಯಾನ್ ಫ್ರಾನ್ಸಿಸ್ಕೊ ಸೆಂಟಿನ ಡಬಲ್ಡ್ ಡೈನಲ್ಲಿ ಇಸವಿ, ಅಕ್ಷರ ಎಲ್ಲ ಜೋಡಿ, ಆದರೆ ಎಸ್ ಗುರುತು ಒಂಟಿ. ಎಸ್ ಕೂಡ ಇಸವಿಯ ಹಾಗೇ ಅದೇ ಕಡೆಗೆ ಜಾರಿದ್ದರೆ ಅದು ಮಷೀನ್ ಡಬ್ಲಿಂಗ್. 1990-91ರಿಂದ ಈಚೆಗೆ ಅಲ್ಲಿನ ಚಲಾವಣೆಯ ನಾಣ್ಯಗಳಲ್ಲಿ ಗುರುತು ಮೂಲ ಅಚ್ಚಿನಲ್ಲೇ ಬಂದುಬಿಟ್ಟಿತು, ಹಾಗಾಗಿ ಆಮೇಲಿನವಕ್ಕೆ ಈ ಸೂತ್ರ ನಡೆಯುವುದಿಲ್ಲ. ನಮ್ಮ ನಾಣ್ಯಗಳಿಗೆ ನಾನು ಇದನ್ನು ಬಳಸುವುದೇ ಇಲ್ಲ, ಅಗಲ ಮತ್ತು ಮೂಲೆಯೇ ಸಾಕು.

ಸವೆದ ಡೈ

ಲಕ್ಷಗಟ್ಟಲೆ ಹೊಡೆದು ಡೈ ಸವೆದರೆ ಅಕ್ಷರದ ಸುತ್ತ ಮಸುಕು ನೆರಳು ಬರುತ್ತದೆ. ಅಂಚು ಕರಗಿದ ಬೆಲ್ಲದ ಹಾಗೆ, ಬಯಲು ಭಾಗ ಕಿತ್ತಳೆ ಸಿಪ್ಪೆಯ ಹಾಗೆ. ಇಲ್ಲಿ ಅಕ್ಷರ ದಪ್ಪ ಆಗಿರುತ್ತದೆ, ಹಾಗಾಗಿ ನನ್ನ ಸೂತ್ರವೊಂದೇ ಹಿಡಿದರೆ ಮೋಸ ಹೋಗುತ್ತೀರಿ. ಮೂಲೆಯಲ್ಲಿ ಕಚ್ಚು ಇದೆಯಾ ನೋಡಿ, ಸವೆದದ್ದರಲ್ಲಿ ಇರುವುದಿಲ್ಲ. 1955ರದ್ದೇ ಇನ್ನೊಂದು ಸೆಂಟ್ ಇದೆ, ಇಸವಿಯ ಕೊನೆಯ 5 ಮಾತ್ರ ಜೋಡಿ ಕಾಣುತ್ತದೆ. ಅದಕ್ಕೆ ಬಡವರ ಡಬಲ್ಡ್ ಡೈ ಅಂತಲೇ ಹೆಸರು. ಅದು ಬರೀ ಸವೆತ, ಹೇಳಿಕೊಳ್ಳುವಂಥ ಬೆಲೆ ಇಲ್ಲ. ನಮ್ಮ ಸ್ಟೀಲ್ ರೂಪಾಯಿಗಳಲ್ಲಿ ಇಂಥ ಮಸುಕು ಬೇಕಾದಷ್ಟು ಸಿಗುತ್ತದೆ, ಸ್ಟೀಲ್ ಗಟ್ಟಿ ಲೋಹ ಅಲ್ವಾ.

ಬೆಳಕು

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು, ನಮ್ಮೂರಿನ ಬಂಗಾರದ ಕೆಲಸದ ಶೇಟ್ರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಎರಡು ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಎರಡು ನೆರಳು ಬಿದ್ದು ಎಲ್ಲ ಅಕ್ಷರವೂ ಜೋಡಿ ಕಾಣುತ್ತದೆ. ಒಂದೇ ದೀಪ ಇಟ್ಟು ನಾಣ್ಯವನ್ನು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಮಾತ್ರ ಕಂಡು ಮಾಯವಾದರೆ ಅದು ಬೆಳಕಿನ ಆಟ. ಹುಣಸೆಹಣ್ಣು, ಮುರುಗಲು ಹಾಕಿ ತಿಕ್ಕಿ ಬೆಳಗಿಸಲೇಬೇಡಿ. ಒಳ್ಳೆಯ ನಾಣ್ಯ ಆಗಿದ್ದರೆ ಬೆಲೆ ಹೋಗುತ್ತದೆ, ಮೆಟ್ಟಿಲಿನ ಹೊಳಪು ಯಾವುದು ತಿಕ್ಕಿದ ಹೊಳಪು ಯಾವುದು ಅಂತಲೂ ಗೊತ್ತಾಗುವುದಿಲ್ಲ.

ಮಾವನ ಗಲ್ಲಾಪೆಟ್ಟಿಗೆ

ಇಷ್ಟು ಕಲಿತ ಮೇಲೆ ಶಿರಸಿಗೆ ಹೋಗಿ ಸೋದರಮಾವನ ಕಿರಾಣಿ ಅಂಗಡಿಯ ಚಿಲ್ಲರೆ ಇಡೀ ಸುರಿದುಕೊಂಡು ಕೂತೆ. "ಎಂತ ಹುಡುಕ್ತಾ ಇದ್ಯೋ ತಮಾ?" ಅಂದ ಮಾವ. ಲೂಪ್ ಕೊಟ್ಟು ತೋರಿಸಿದೆ, ಹತ್ತು ನಿಮಿಷದಲ್ಲಿ ಅವನೇ ಮೆಟ್ಟಿಲು ಗುರುತಿಸಲು ಶುರು ಮಾಡಿದ. 212 ನಾಣ್ಯ ನೋಡಿದೆವು. ಒಂಬತ್ತರಲ್ಲಿ ಮಷೀನ್ ಡಬ್ಲಿಂಗ್, ಒಂದೊಂದರಲ್ಲೂ ಒಂದೊಂದು ಥರ. ಇದೂ ಒಂದು ಗುರುತೇ, ಡೈ ಪ್ರತಿ ಏಟಿಗೂ ಬೇರೆ ಬೇರೆ ಥರ ಅಲುಗುತ್ತದೆ. ನಿಜವಾದ ಡಬಲ್ಡ್ ಡೈ ಆದರೆ ಆ ಡೈನಿಂದ ಹುಟ್ಟಿದ ಎಲ್ಲ ನಾಣ್ಯದಲ್ಲೂ ಅದೇ ಜಾಗ, ಅದೇ ದಿಕ್ಕು, ಅಷ್ಟೇ ಅಂತರ ಇರಬೇಕು.

ಎರಡು ರೂಪಾಯಿಯ ಒಂದೇ ಒಂದು ನಾಣ್ಯ ಮಾತ್ರ ಪಕ್ಕಕ್ಕೆ ಇಟ್ಟಿದ್ದೇವೆ. ಇಂಡಿಯಾ ಪದದ ಮೊದಲ ಎರಡು ಅಕ್ಷರ ಮಾಮೂಲಿಗಿಂತ ದಪ್ಪ, ಎನ್ ಅಕ್ಷರದ ಕೆಳಮೂಲೆಯಲ್ಲಿ ಸಣ್ಣ ಕಚ್ಚು, ಮಸುಕು ಇಲ್ಲ. ಇದನ್ನು ಹೌದು ಅನ್ನಲು ಅದೇ ಜಾಗದಲ್ಲಿ ಅದೇ ಕಚ್ಚು ಇರುವ ಇನ್ನೊಂದು ಬೇಕು. ಮಾವ ಈಗ ಬರುವ ಎರಡು ರೂಪಾಯಿ ನಾಣ್ಯವನ್ನೆಲ್ಲ ಉಪ್ಪಿನಕಾಯಿಯ ಖಾಲಿ ಭರಣಿಗೆ ಹಾಕಿಡುತ್ತಿದ್ದಾನೆ.