ತಾರಾ ಆಟಗಾರನನ್ನು ಬಿಟ್ಟುಕೊಡುವುದು ಸರಿಯೇ?

ಓದುಗರ ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಚಿಕ್ಕ ಊರಿನ ತಂಡಗಳು ಇರುವ ಒಬ್ಬನೇ ದೊಡ್ಡ ಆಟಗಾರನನ್ನೂ ಬೇರೆ ತಂಡಕ್ಕೆ ಟ್ರೇಡ್ ಮಾಡಿಬಿಡುತ್ತವಲ್ಲ, ಇದು ಸರಿಯೇ? ಆತನೇ ಹೋದ ಮೇಲೆ ತಂಡದಲ್ಲಿ ಉಳಿಯುವುದಾದರೂ ಏನು?

ಆತನಿಗೆ ಇರುವ ಮನಸ್ಸಿದ್ದರೆ ಕೊಡಬಾರದು. ಹೋಗುವುದು ಖಚಿತವಾದರೆ ಒಪ್ಪಂದ ಮುಗಿಯುವ ತನಕ ಕಾಯಬಾರದು. ಕೊಡುವಾಗ ಹೆಸರಾಂತ ಆಟಗಾರರಿಗಿಂತ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನನ್ನು ಪಟ್ಟು ಹಿಡಿದು ಕೇಳಬೇಕು. ನನ್ನ ಉತ್ತರ ಇಷ್ಟು. ಏಕೆ ಎಂಬುದಕ್ಕೆ ತಾರಾ ಆಟಗಾರ ಪಾಲ್ ಜಾರ್ಜ್ ಅವರ ಎರಡು ಟ್ರೇಡ್‌ಗಳನ್ನು, ಅಂದರೆ ತಂಡಗಳ ನಡುವಿನ ವಿನಿಮಯಗಳನ್ನು, ನೋಡಿದರೆ ಸಾಕು.

ಐಪಿಎಲ್ ನೋಡಿ ಬೆಳೆದವರಿಗೆ ಮೊದಲು ಒಂದೆರಡು ನಿಯಮ ಹೇಳಬೇಕು. ಎನ್‌ಬಿಎಯಲ್ಲಿ ಹರಾಜು ಇಲ್ಲ. ಹೊಸ ಹುಡುಗರು ಡ್ರಾಫ್ಟ್ ಮೂಲಕ ಬರುತ್ತಾರೆ, ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ಸಿಗುವ ಸಂಭವ ಹೆಚ್ಚು. ಆ ಸರದಿಯೇ ಪಿಕ್. ಮುಂದಿನ ವರ್ಷಗಳ ಪಿಕ್‌ಗಳನ್ನೂ ಈಗಲೇ ಬೇರೆ ತಂಡಕ್ಕೆ ಬರೆದುಕೊಡಬಹುದು. ಇನ್ನು ಸಂಬಳ. ಒಬ್ಬನಿಗೆ ಎಷ್ಟು ಕೊಡಬಹುದು ಎಂಬುದಕ್ಕೆ ಲೀಗೇ ಮಿತಿ ಹಾಕಿದೆ. ಹಳೆಯ ತಂಡ ಐದು ವರ್ಷದ ಒಪ್ಪಂದ ಕೊಡಬಹುದು, ಹೊರಗಿನವರು ನಾಲ್ಕು ವರ್ಷದ್ದು. ಚಿಕ್ಕ ಊರಿನ ಕೈಯಲ್ಲಿರುವ ಅನುಕೂಲ ಹೆಚ್ಚುಕಡಿಮೆ ಇಷ್ಟೇ. ಲಾಸ್ ಏಂಜಲೀಸ್‌ನ ಜಾಹೀರಾತು ಅವಕಾಶ, ಹವೆ, ಜೊತೆಗೆ ಆಡಬಯಸುವ ಇನ್ನೊಬ್ಬ ತಾರೆ, ಇವೆಲ್ಲದರ ಎದುರು ಅದು ಬಹಳ ಸಲ ಸಾಲುವುದಿಲ್ಲ.

ಒಕ್ಲಹೋಮ ಸಿಟಿ ಥಂಡರ್‌ಗೆ ಈ ಪೆಟ್ಟು 2016ರಲ್ಲಿ ಬಿತ್ತು. ಲೀಗ್‌ನ ಪಶ್ಚಿಮ ಗುಂಪಿನ ಫೈನಲ್ ಆದ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳು ಪಂದ್ಯಗಳ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 3-1ರಿಂದ ಮುಂದಿದ್ದ ತಂಡ ಸರಣಿ ಕಳೆದುಕೊಂಡಿತು. ಒಪ್ಪಂದ ಮುಗಿದಿದ್ದ ಥಂಡರ್‌ನ ತಾರೆ ಕೆವಿನ್ ಡ್ಯುರಾಂಟ್, ಜುಲೈ 4ರಂದು, ತಮ್ಮನ್ನು ಸೋಲಿಸಿದ ಅದೇ ವಾರಿಯರ್ಸ್ ಸೇರುವುದಾಗಿ ಪ್ರಕಟಿಸಿದರು. ಥಂಡರ್‌ಗೆ ಪ್ರತಿಯಾಗಿ ಒಬ್ಬ ಆಟಗಾರನೂ ಬರಲಿಲ್ಲ, ಒಂದು ಪಿಕ್ಕೂ ಬರಲಿಲ್ಲ.

ಮರುವರ್ಷ ಇಂಡಿಯಾನಾ ಪೇಸರ್ಸ್ ಅದೇ ಇಕ್ಕಟ್ಟಿಗೆ ಸಿಕ್ಕಿತು. ಒಪ್ಪಂದದಲ್ಲಿ ಒಂದೇ ವರ್ಷ ಬಾಕಿಯಿದ್ದಾಗ ಪಾಲ್ ಜಾರ್ಜ್ ತಾವು ಉಳಿಯುವುದಿಲ್ಲ ಎಂದು ತಿಳಿಸಿಬಿಟ್ಟರು. ಪೇಸರ್ಸ್ ಅವರನ್ನು ಥಂಡರ್‌ಗೆ ಕೊಟ್ಟು ವಿಕ್ಟರ್ ಒಲಡಿಪೊ ಮತ್ತು ಡೊಮಾಂಟಸ್ ಸಬೊನಿಸ್ ಅವರನ್ನು ಪಡೆಯಿತು. ಪಿಕ್ ಒಂದೂ ಇರಲಿಲ್ಲ, ಬೈಗುಳ ಬೇಕಾದಷ್ಟು ಬಂತು. ಆದರೆ ಇಬ್ಬರೂ ಇಂಡಿಯಾನಾದಲ್ಲೇ ಆಲ್‌ಸ್ಟಾರ್ ಆದರು, ಅಂದರೆ ಲೀಗ್‌ನ ಅತ್ಯುತ್ತಮರ ವಾರ್ಷಿಕ ಪಂದ್ಯಕ್ಕೆ ಆಯ್ಕೆಯಾದರು. 2022ರ ಫೆಬ್ರುವರಿಯಲ್ಲಿ ಸಬೊನಿಸ್ ಅವರನ್ನು ಸ್ಯಾಕ್ರಮೆಂಟೊಗೆ ಕೊಟ್ಟಾಗ ಬಂದವರು ಟೈರೀಸ್ ಹ್ಯಾಲಿಬರ್ಟನ್.

ಇತ್ತ ಥಂಡರ್ ಜೊತೆ ಜಾರ್ಜ್ 2018ರಲ್ಲಿ ಹೊಸ ಒಪ್ಪಂದ ಮಾಡಿಕೊಂಡರು. ಒಂದೇ ವರ್ಷ. 2019ರ ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೋಗಬೇಕೆಂದು ಕೇಳಿದರು. ಜಾರ್ಜ್ ಬಂದರೆ ಮಾತ್ರ ಇನ್ನೊಬ್ಬ ತಾರೆ ಕವಾಯ್ ಲೆನಾರ್ಡ್ ಕ್ಲಿಪ್ಪರ್ಸ್ ಸೇರುವ ಪರಿಸ್ಥಿತಿ ಅದು. ಅಂದರೆ ಥಂಡರ್‌ನ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಕೊಡುತ್ತಿದ್ದುದು ಒಬ್ಬನನ್ನು, ಕ್ಲಿಪ್ಪರ್ಸ್‌ಗೆ ಸಿಗುತ್ತಿದ್ದುದು ಇಬ್ಬರು. ಜಾರ್ಜ್ ಒಪ್ಪಂದದಲ್ಲಿ ಇನ್ನೂ ವರ್ಷಗಳಿದ್ದವು, ಹಾಗಾಗಿ ಬೇಡ ಎನ್ನುವ ಶಕ್ತಿಯೂ ಪ್ರೆಸ್ಟಿ ಅವರಿಗಿತ್ತು. ಪ್ರತಿಯಾಗಿ ಅವರು ಪಡೆದದ್ದು ಐದು ಮೊದಲ ಸುತ್ತಿನ ಪಿಕ್, ಇನ್ನೆರಡು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಡ್ಯಾನಿಲೊ ಗ್ಯಾಲಿನಾರಿ, ಜೊತೆಗೆ ಶೇ ಗಿಲ್ಜಸ್-ಅಲೆಕ್ಸಾಂಡರ್. ಈ ಗಿಲ್ಜಸ್-ಅಲೆಕ್ಸಾಂಡರ್ ಒಂದೇ ಸೀಸನ್ ಆಡಿದ್ದ, ಪಂದ್ಯಕ್ಕೆ ಸರಾಸರಿ 10.8 ಅಂಕ ಗಳಿಸಿದ್ದ ಹುಡುಗ.

ಆಮೇಲಿನ ದಿನಗಳು ಕಷ್ಟದವು. 2020-21ರಲ್ಲಿ 22 ಗೆಲುವು, 50 ಸೋಲು. ಮರುವರ್ಷ 24 ಗೆಲುವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152-79ರಿಂದ ಸೋತಾಗ ಅದು ಎನ್‌ಬಿಎ ಇತಿಹಾಸದಲ್ಲೇ ಅತಿ ದೊಡ್ಡ ಅಂತರದ ಸೋಲಾಯಿತು. ತಾರೆಯನ್ನು ಕೊಡಲು ಹೊರಟ ತಂಡ ಇಂಥ ರಾತ್ರಿಗಳಿಗೆ ಸಿದ್ಧವಿರಬೇಕು.

ಆದರೆ ಆ ಪಿಕ್‌ಗಳಲ್ಲಿ ಒಂದರ ಜಾಡು ಹಿಡಿಯಿರಿ. 2021-22ರಲ್ಲಿ ಮೊಣಕಾಲಿನ ಗಾಯದಿಂದ ಲೆನಾರ್ಡ್ ಒಂದು ಪಂದ್ಯವನ್ನೂ ಆಡಲಿಲ್ಲ, ಮೊಣಕೈ ನೋವಿನಿಂದ ಜಾರ್ಜ್ ತಿಂಗಳುಗಟ್ಟಲೆ ಹೊರಗಿದ್ದರು. ಕ್ಲಿಪ್ಪರ್ಸ್ ಪ್ಲೇಆಫ್ ತಲುಪಲಿಲ್ಲ. ಅವರ ಪಿಕ್ 12ನೆಯದಾಗಿ ಥಂಡರ್ ಪಾಲಾಯಿತು. ಅದರಿಂದ ಆರಿಸಿದ್ದು ಸಾಂಟಾ ಕ್ಲಾರಾ ಎಂಬ ಸಣ್ಣ ಕಾಲೇಜಿನ ಜೇಲನ್ ವಿಲಿಯಮ್ಸ್. ಮೂರು ವರ್ಷಗಳ ನಂತರ, 2025ರ ಫೈನಲ್‌ನ ಐದನೇ ಪಂದ್ಯದಲ್ಲಿ ಅದೇ ವಿಲಿಯಮ್ಸ್ 40 ಅಂಕ ಗಳಿಸಿದರು. ದೊಡ್ಡ ತಂಡದ ಪಿಕ್ ಕೇಳುವುದರ ಗುಟ್ಟು ಇದು. ಇಂದು ಬಲಿಷ್ಠವಾಗಿ ಕಾಣುವ ತಂಡ ಮೂರ್ನಾಲ್ಕು ವರ್ಷಗಳಲ್ಲಿ ಹಾಗೇ ಇರಬೇಕೆಂದಿಲ್ಲ.

ಆ ಫೈನಲ್‌ನಲ್ಲಿ ಎದುರಾಳಿ ಯಾರು? ಇಂಡಿಯಾನಾ ಪೇಸರ್ಸ್! ಜಾರ್ಜ್ ಅವರನ್ನು ಬಿಟ್ಟುಕೊಟ್ಟ ಎರಡು ಚಿಕ್ಕ ಊರಿನ ತಂಡಗಳೇ ಕಿರೀಟಕ್ಕಾಗಿ ಏಳನೇ ಪಂದ್ಯದವರೆಗೆ ಹೋರಾಡಿದವು. ಪೇಸರ್ಸ್‌ನ ಹ್ಯಾಲಿಬರ್ಟನ್ ಆ ಏಳನೇ ಪಂದ್ಯದ ಆರಂಭದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡದ್ದು ಇಂದಿಗೂ ಬೇಸರದ ಸಂಗತಿ. 103-91ರಿಂದ ಗೆದ್ದ ಥಂಡರ್‌ನ ಗಿಲ್ಜಸ್-ಅಲೆಕ್ಸಾಂಡರ್ ಆ ವರ್ಷ ಲೀಗ್‌ನ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ), ಫೈನಲ್‌ನ ಎಂವಿಪಿ ಎರಡೂ ಆದರು. ಜಾರ್ಜ್ ಕ್ಲಿಪ್ಪರ್ಸ್ ಪರ ಒಮ್ಮೆಯೂ ಫೈನಲ್ ಆಡದೆ, 2024ರಲ್ಲಿ ಒಪ್ಪಂದ ಮುಗಿಸಿ ಫಿಲಡೆಲ್ಫಿಯಾಗೆ ಹೋದರು. ಈ ಸಲ ಬರಿಗೈಯಲ್ಲಿ ಉಳಿದದ್ದು ದೊಡ್ಡ ಊರಿನ ತಂಡ.

ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. 2007ರಲ್ಲಿ ಮಿನೆಸೋಟ, ಕೆವಿನ್ ಗಾರ್ನೆಟ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಐವರು ಆಟಗಾರರನ್ನೂ ಎರಡು ಪಿಕ್‌ಗಳನ್ನೂ ಪಡೆಯಿತು. ಬಾಸ್ಟನ್ ಮರುವರ್ಷವೇ ಚಾಂಪಿಯನ್. ಮಿನೆಸೋಟ ಮತ್ತೆ ಪ್ಲೇಆಫ್ ಕಂಡದ್ದು 2018ರಲ್ಲಿ. ನನ್ನ ಪ್ರಕಾರ ಅಲ್ಲಿ ಎಡವಿದ್ದು ಟ್ರೇಡ್‌ಗಿಂತ ಹೆಚ್ಚಾಗಿ ನಂತರದ ಆಯ್ಕೆಗಳಲ್ಲಿ. 2009ರ ಡ್ರಾಫ್ಟ್‌ನಲ್ಲಿ ಐದು ಮತ್ತು ಆರನೇ ಸರದಿ ಎರಡೂ ಅವರದ್ದೇ ಆಗಿದ್ದವು, ಎರಡರಲ್ಲೂ ಬೇರೆಯವರನ್ನು ಆರಿಸಿದರು. ಏಳನೆಯವರಾಗಿ ಗೋಲ್ಡನ್ ಸ್ಟೇಟ್ ಪಾಲಾದವರು, ಮುಂದೆ ಲೀಗ್‌ನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರಾದ ಸ್ಟೆಫ್ ಕರಿ.

ಇರುವ ಮನಸ್ಸಿದ್ದವನನ್ನು ಕೊಡಬಾರದು ಎಂದೆನಲ್ಲ, ಅದಕ್ಕೆ ಮಿಲ್ವಾಕಿಯೇ ಸಾಕ್ಷಿ. 2020ರಲ್ಲಿ ಮಯಾಮಿಗೆ ಸೋತಾಗ ತಂಡದ ತಾರೆ ಯಾನಿಸ್ ಆಂಟೆಟೊಕೂಂಪೊ ಹೊರಟೇಬಿಡುತ್ತಾರೆ ಎಂಬ ಸುದ್ದಿ ಎಲ್ಲೆಡೆ ಇತ್ತು. ತಂಡ ಹೆದರಿ ಮಾರಲಿಲ್ಲ. ಡಿಸೆಂಬರ್‌ನಲ್ಲಿ ಅವರು ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. 2021ರ ಜುಲೈನಲ್ಲಿ, ಫೈನಲ್‌ನ ಆರನೇ ಪಂದ್ಯದಲ್ಲಿ 50 ಅಂಕ ಗಳಿಸಿ, 50 ವರ್ಷಗಳ ನಂತರ ಮಿಲ್ವಾಕಿಗೆ ಪ್ರಶಸ್ತಿ ತಂದುಕೊಟ್ಟರು.

ತಾರೆ ಹೋದರೆ ಉಳಿಯುವುದೇನು ಎಂದೂ ನೀವು ಕೇಳಿದ್ದೀರಿ. ಅಭಿಮಾನಿಗಳೂ ಹೋಗಿಬಿಡುತ್ತಾರೆ ಎಂಬ ಭಯ ಆಡಳಿತದವರಿಗೂ ಇರುತ್ತದೆ. 2008ರಲ್ಲಿ ಸಿಯಾಟಲ್ ಕಳೆದುಕೊಂಡ ತಂಡವೇ ಇಂದಿನ ಥಂಡರ್, ಹಾಗಾಗಿ ತಂಡವೇ ಊರು ಬಿಡಬಹುದು ಎಂಬುದು ಒಕ್ಲಹೋಮ ಸಿಟಿಯವರಿಗೆ ಚೆನ್ನಾಗಿ ಗೊತ್ತು. 2023ರ ಡಿಸೆಂಬರ್‌ನಲ್ಲಿ, ಪ್ರಶಸ್ತಿ ಬರುವುದಕ್ಕೆ ಒಂದೂವರೆ ವರ್ಷ ಮೊದಲು, ಕನಿಷ್ಠ 90 ಕೋಟಿ ಡಾಲರ್‌ನ ಹೊಸ ಕ್ರೀಡಾಂಗಣಕ್ಕಾಗಿ ಪ್ರತಿ ಡಾಲರ್ ಖರೀದಿಗೆ ಒಂದು ಸೆಂಟ್ ತೆರಿಗೆ ಕಟ್ಟುವಿರಾ ಎಂದು ಊರಿನವರನ್ನು ಕೇಳಲಾಯಿತು. ಶೇ 71ರಷ್ಟು ಮತಗಳು ಪರವಾಗಿ ಬಿದ್ದವು.