ವಾಕ್‌ಅರೌಂಡ್ ಅಂದರೆ ಪ್ರದಕ್ಷಿಣೆಯಾ?

ಈ ವಾರದಲ್ಲಿ ಇದು ಮೂರನೇ ಸಲ. ವಿಮಾನ ನಿಲ್ದಾಣದ ಗಾಜಿನ ಹಿಂದೆ ನಿಂತು ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ. ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡ ಪೈಲಟ್ ಒಬ್ಬರು ಕೈಯಲ್ಲಿ ಟಾರ್ಚ್ ಹಿಡಿದು ವಿಮಾನದ ಸುತ್ತ ನಡೆಯುತ್ತಿದ್ದಾರೆ. ಮೇಲೆ ದಪ್ಪಕ್ಷರದಲ್ಲಿ ‘ಹಾರುವ ಮುನ್ನ ವಿಮಾನಕ್ಕೆ ಪ್ರದಕ್ಷಿಣೆ ಹಾಕಿದ ಪೈಲಟ್’ ಅಂತ ಬರೆದಿದ್ದಾರೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಇನ್ನೊಬ್ಬರು ಅದೇ ವಿಡಿಯೊಗೆ ‘ವಿಮಾನದ ತಪಾಸಣೆ’ ಅಂತ ಹೆಸರಿಟ್ಟರು, ನೋಡಿದವರು ಬಾಂಬ್ ಬೆದರಿಕೆ ಏನಾದರೂ ಬಂತಾ ಅಂತ ಗಾಬರಿಯಾಗಿ ಕೇಳಿದರು. ಎರಡೂ ತಪ್ಪು. ಆದರೆ ಎರಡನೆಯದು ಸಣ್ಣ ತಪ್ಪು, ಮೊದಲನೆಯದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಬೇಕು.

ಆ ಪೈಲಟ್ ಮಾಡುತ್ತಿದ್ದ ಕೆಲಸದ ಹೆಸರು ವಾಕ್‌ಅರೌಂಡ್. ಕೈಪಿಡಿಯಲ್ಲಿ ಎಕ್ಸ್‌ಟೀರಿಯರ್ ಇನ್‌ಸ್ಪೆಕ್ಷನ್ ಅಂತ ಇರುತ್ತದೆ, ಮಾತಿನಲ್ಲಿ ಎಲ್ಲರೂ ವಾಕ್‌ಅರೌಂಡ್ ಅಂತಲೇ ಹೇಳುತ್ತಾರೆ. ಹೊರಡುವ ಮುಂಚೆ ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಕೆಳಗಿಳಿದು, ವಿಮಾನದ ಹೊರಮೈಯನ್ನು ಗೊತ್ತುಮಾಡಿದ ಕ್ರಮದಲ್ಲಿ ನೋಡಿಕೊಂಡು ಬರಬೇಕು. ಮಳೆ ಇರಲಿ, ಬಿಸಿಲಿರಲಿ, ನಡುರಾತ್ರಿ ಇರಲಿ.

ಈಗ ಪ್ರದಕ್ಷಿಣೆಗೆ ಬರೋಣ. ಆ ಪದದ ಮೇಲೆ ನನಗೆ ಕೋಪವಿಲ್ಲ. ಹಾಗೆ ನೋಡಿದರೆ ದಿಕ್ಕಿನ ಮಟ್ಟಿಗೆ ಅದು ಪೂರ್ತಿ ಸರಿ. ದಕ್ಷಿಣ ಅಂದರೆ ಬಲಗಡೆ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗೈ ಕಡೆ ಬರುವ ದಿಕ್ಕು ಅನ್ನೋದಕ್ಕೇ ತೆಂಕಣ ದಿಕ್ಕಿಗೂ ಅದೇ ಹೆಸರು ಬಂತು. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಹಳಗನ್ನಡದಲ್ಲಿ ಇದಕ್ಕೆ ನಮ್ಮದೇ ಮಾತಿತ್ತು: ಬಲಗೊಳ್ಳುವುದು, ಬಲವಂದು ಎರಗುವುದು. ತಮಿಳಿನವರು ಇವತ್ತಿಗೂ ‘ವಲಂ ವರುದಲ್’ ಅಂತಾರೆ, ಆ ವಲವೂ ನಮ್ಮ ಬಲವೂ ಒಂದೇ. ಇನ್ನು ಏರ್‌ಬಸ್ ಎ320ರ ಕೈಪಿಡಿಯಲ್ಲಿ ವಾಕ್‌ಅರೌಂಡ್‌ನ ಚಿತ್ರ ನೋಡಿ. ಎಡಗಡೆಯ ಮುಂಬಾಗಿಲ ಕೆಳಗಿನಿಂದ ಶುರು. ಅಲ್ಲಿಂದ ಮೂಗು, ಮೂಗಿನಿಂದ ಬಲಗಡೆ, ಬಲ ರೆಕ್ಕೆ, ಬಾಲ, ಎಡ ರೆಕ್ಕೆ, ಮತ್ತೆ ಹೊರಟ ಜಾಗಕ್ಕೆ. ಬೋಯಿಂಗ್ 737ರಲ್ಲೂ ಇದೇ ದಾರಿ. ಬೆರಳಲ್ಲಿ ಗೆರೆ ಎಳೆದು ನೋಡಿದರೆ ಗೊತ್ತಾಗುತ್ತದೆ, ಉದ್ದಕ್ಕೂ ವಿಮಾನ ಪೈಲಟ್‌ನ ಬಲಗಡೆಯೇ ಇರುತ್ತದೆ. ಅಂದರೆ ಬಲಬರುವುದೇ. ಇದನ್ನು ಮೊದಲು ಗಮನಿಸಿದಾಗ ನನಗೂ ಖುಷಿಯಾಗಿತ್ತು.

ಆದರೆ ಪದ ದಿಕ್ಕಿನಿಂದ ಮಾತ್ರ ಬದುಕಲ್ಲ ಅಲ್ವಾ. ಗುಡಿಯಲ್ಲಿ ನಾವು ಸುತ್ತನ್ನು ಎಣಿಸುತ್ತೇವೆ. ಮೂರು, ಐದು, ಹರಕೆ ಇದ್ದರೆ 108. ತುಟಿಯಲ್ಲಿ ಸ್ತೋತ್ರ, ಮನಸ್ಸು ಒಳಗೆ. ಕಣ್ಣು ಅರ್ಧ ಮುಚ್ಚಿದ್ದರೂ ಪ್ರದಕ್ಷಿಣೆಗೆ ಏನೂ ಕೊರತೆ ಆಗಲ್ಲ. ದಾರಿ ಕಾಲಿಗೆ ಗೊತ್ತಿರುತ್ತದೆ. ನಡೆದರೆ ಆಯಿತು, ಸುತ್ತು ಪೂರ್ತಿಯಾಯಿತು. ವಾಕ್‌ಅರೌಂಡ್‌ನಲ್ಲಿ ಸುತ್ತು ಒಂದೇ, ನಿಲ್ಲುವ ಜಾಗ ಹತ್ತಾರು. ಅಲ್ಲಿ ನಡೆಯುವುದು ಒಂದು ಜಾಗದಿಂದ ಮುಂದಿನ ಜಾಗಕ್ಕೆ ಹೋಗೋದಕ್ಕೆ ಮಾತ್ರ. ಕಣ್ಣು ಅರ್ಧ ಮುಚ್ಚಿದರೆ ಕೆಲಸವೇ ಆಗಿಲ್ಲ ಅಂತ ಲೆಕ್ಕ.

ಬೇಕಾಗಿರುವ ಪದ ನಮ್ಮ ಹತ್ತಿರ ಇದ್ದೇ ಇದೆ, ಅದನ್ನು ಶಾಲೆಯವರಿಗೆ ಬಿಟ್ಟುಕೊಟ್ಟಿದ್ದೇವೆ. ಪರೀಕ್ಷೆ! ಪರಿ ಅಂದರೆ ಸುತ್ತ. ಪರಿಧಿ, ಪರಿಸರ, ಪರಿಕ್ರಮ ಎಲ್ಲದರಲ್ಲೂ ಇರುವುದು ಅದೇ. ಈಕ್ಷ ಅಂದರೆ ನೋಡು. ಸುತ್ತ ನೋಡುವುದು ಪರೀಕ್ಷೆ. ಪ್ರಶ್ನೆಪತ್ರಿಕೆ, ಹಾಲ್ ಟಿಕೆಟ್ ಎಲ್ಲ ಆಮೇಲೆ ಬಂದದ್ದು. ಇದೇ ಬೇರಿನಿಂದ ಇನ್ನೊಂದು ಪದ ಹುಟ್ಟಿದೆ, ಉಪೇಕ್ಷೆ. ಅದರಲ್ಲೂ ನೋಡುವುದಿದೆ, ಆದರೆ ಕಣ್ಣು ಹಾಯಿಸಿ ಹಾಗೇ ಬಿಟ್ಟುಬಿಡುವ ನೋಟ ಅದು. ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ವಾಕ್‌ಅರೌಂಡ್‌ನ ಕಷ್ಟ ಏನು ಅನ್ನೋದು ಅರ್ಧ ತಿಳಿದ ಹಾಗೆ.

ದನದ ಜಾತ್ರೆ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಾನೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ಎಲ್ಲಿದೆ ಅಂತ ಹುಡುಕುತ್ತಾನೆ, ಕಾಲೆತ್ತಿಸಿ ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದಾ ಅಂತ ನೋಡುತ್ತಾನೆ. ಅದೇ ಎತ್ತಿಗೆ ಸಂಕ್ರಾಂತಿ ದಿನ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಆರತಿ ಎತ್ತುತ್ತಾನೆ. ಎತ್ತು ಅದೇ, ಮನುಷ್ಯನೂ ಅವನೇ. ಆದರೆ ಜಾತ್ರೆಯಲ್ಲಿ ಮಾಡಿದ್ದನ್ನು ಪೂಜೆ ಅಂತ ಯಾವ ಹಳ್ಳಿಯಲ್ಲೂ ಕರೆಯಲ್ಲ. ‘ಸುತ್ತಿ ನೋಡಿ ತಗೊಂಡೆ’ ಅಂತಾರೆ. ಸುತ್ತಿ ನೋಡು. ವಾಕ್‌ಅರೌಂಡ್‌ಗೆ ಇದಕ್ಕಿಂತ ಒಳ್ಳೆ ಕನ್ನಡ ನನಗೆ ಇನ್ನೂ ಸಿಕ್ಕಿಲ್ಲ.

ಏನನ್ನು ಸುತ್ತಿ ನೋಡುತ್ತಾರೆ? ಪಟ್ಟಿ ಉದ್ದ ಇದೆ, ಎಲ್ಲವೂ ಇಲ್ಲಿ ಬೇಡ. ಟೈರಿನಲ್ಲಿ ಸೀಳು, ಸವೆತ. ಎಂಜಿನ್ ಬಾಯೊಳಗೆ ಬ್ಲೇಡಿನ ಅಂಚು ಮುಕ್ಕಾಗಿದೆಯಾ. ರೆಕ್ಕೆಯ ಮುಂದಿನ ಅಂಚಿಗೆ ಹಕ್ಕಿ ಬಡಿದ ಗುರುತು. ಎಣ್ಣೆ ಸೋರಿಕೆ. ಚಕ್ರದ ಕಾಲಿಗೆ ಸಿಕ್ಕಿಸಿದ ಪಿನ್ನು ತೆಗೆದಿದ್ದಾರಾ. ಬ್ರೇಕಿನ ಹತ್ತಿರ ಒಂದು ಪುಟ್ಟ ಕಡ್ಡಿ ಹೊರಗೆ ಚಾಚಿಕೊಂಡಿರುತ್ತದೆ. ಬ್ರೇಕ್ ಸವೆದಷ್ಟೂ ಅದು ಒಳಗೆ ಹೋಗುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದ್ದಾಗ ಮಾತ್ರ ಆ ಕಡ್ಡಿಯ ಉದ್ದಕ್ಕೆ ಅರ್ಥ. ಅದಕ್ಕೇ ಕೆಳಗಿಳಿಯುವ ಮುಂಚೆ ಮೇಲೆ ಬ್ರೇಕ್ ಹಾಕಿದೆಯಾ ಅಂತ ನೋಡಿಕೊಂಡೇ ಬರಬೇಕು. ಕ್ರಮ ಅನ್ನೋದು ಸುಮ್ನೆ ಬಂದಿಲ್ಲ.

ಇನ್ನು ಮೂಗಿನ ಹತ್ತಿರ ಗಾಳಿಗೆ ಮುಖ ಮಾಡಿದ ಸಣ್ಣ ಕೊಳವೆಗಳು, ಪಿಟೊ ಟ್ಯೂಬ್. 1732ರಲ್ಲಿ ಪ್ಯಾರಿಸ್ಸಿನ ಸೆನ್ ನದಿಯ ನೀರಿನ ವೇಗ ಅಳೆಯಲು ಇಂಥ ಕೊಳವೆ ಮಾಡಿದ ಫ್ರೆಂಚ್ ಇಂಜಿನಿಯರ್ ಆನ್ರಿ ಪಿಟೊ ಹೆಸರು ಅದು. ವಿಮಾನಕ್ಕೆ ತನ್ನ ವೇಗ ಗೊತ್ತಾಗುವುದು ಇದರಿಂದ. ವಿಮಾನದ ಮೈಮೇಲೆ ಇನ್ನೂ ಸಣ್ಣ ತೂತುಗಳಿರುತ್ತವೆ, ಸ್ಟ್ಯಾಟಿಕ್ ಪೋರ್ಟ್. ಎತ್ತರ ಗೊತ್ತಾಗುವುದು ಅದರಿಂದ, ವೇಗದ ಲೆಕ್ಕಕ್ಕೂ ಅದು ಬೇಕು. ನೂರಾರು ಜನರ ಜೀವ ಹೊತ್ತ ಯಂತ್ರ ಬೆರಳು ಮುಚ್ಚುವಷ್ಟು ತೂತನ್ನು ನಂಬಿಕೊಂಡಿರುತ್ತದೆ.

1996ರ ಅಕ್ಟೋಬರ್ 2. ಪೆರು ದೇಶದ ಲಿಮಾದಿಂದ ಚಿಲಿಯ ಸ್ಯಾಂಟಿಯಾಗೊಗೆ ಏರೊಪೆರು ಕಂಪನಿಯ ಬೋಯಿಂಗ್ 757 ಹೊರಟಿತು. ಅದಕ್ಕೆ ಮುಂಚೆ ವಿಮಾನವನ್ನು ತೊಳೆದು ಉಜ್ಜಿದ್ದರು. ನೀರು ಒಳಗೆ ಹೋಗದಿರಲಿ ಅಂತ ಸ್ಟ್ಯಾಟಿಕ್ ಪೋರ್ಟ್‌ಗಳಿಗೆ ಟೇಪ್ ಅಂಟಿಸಿದ್ದರು. ಕೆಲಸ ಮುಗಿದ ಮೇಲೆ ಟೇಪ್ ತೆಗೆಯಲಿಲ್ಲ. ಟೇಪಿನ ಬಣ್ಣವೂ ಹೊಳೆಯುವ ಲೋಹದ ಮೈಗೆ ಹೊಂದಿಕೊಂಡಿತ್ತು. ಆಮೇಲೆ ನೋಡಬೇಕಾದವರು ನೋಡಿದರು, ಕ್ಯಾಪ್ಟನ್ ವಾಕ್‌ಅರೌಂಡ್ ಮಾಡಿದರು, ಯಾರ ಕಣ್ಣಿಗೂ ಅದು ಬೀಳಲಿಲ್ಲ. ಕತ್ತಲಲ್ಲಿ ಸಮುದ್ರದ ಮೇಲೆ ಎತ್ತರದ ಅಂಕಿ ಸುಳ್ಳು, ವೇಗದ ಅಂಕಿ ಸುಳ್ಳು. ವೇಗ ಜಾಸ್ತಿಯಾಯಿತು ಅಂತ ಒಂದು ಎಚ್ಚರಿಕೆ, ವೇಗ ಕಡಿಮೆಯಾಗಿ ಬೀಳುತ್ತೀರಿ ಅಂತ ಇನ್ನೊಂದು, ಎರಡೂ ಒಟ್ಟಿಗೆ. ಪೈಲಟ್‌ಗಳು ಕೆಳಗೆ ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ನನ್ನು ನಮ್ಮ ಎತ್ತರ ಎಷ್ಟು ಅಂತ ಕೇಳಿದರು. ಅವನ ತೆರೆಯಲ್ಲಿ ಕಾಣುತ್ತಿದ್ದ ಎತ್ತರವೂ ಇದೇ ವಿಮಾನ ಕಳಿಸುತ್ತಿದ್ದ ಸುಳ್ಳು ಅಂಕಿಯೇ. ರೆಕ್ಕೆ ನೀರಿಗೆ ತಾಗಿತು. 70 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ.

ಅದೇ ವರ್ಷ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪ್ವೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್ಏರ್ ಕಂಪನಿಯ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತಿದ್ದರು. ಅಲ್ಲಿ ಮುಚ್ಚಿಹೋಗಿದ್ದು ಪಿಟೊ ಕೊಳವೆ. ನಿಂತ ವಿಮಾನದ ಕೊಳವೆಗೆ ಮುಸುಕು ಹಾಕದೆ ಬಿಟ್ಟಿದ್ದರು, ಒಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬೇಕು ಅಂತ ತನಿಖೆಯವರ ಅಂದಾಜು. ನಮ್ಮ ಮನೆಯ ಬಾಗಿಲ ಸಂದಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಮಣ್ಣು ಮೆತ್ತುತ್ತದಲ್ಲ, ಅಂಥ ಹುಳು.

ಹಾಗಾದರೆ ಮುಸುಕು ಹಾಕಿದರೆ ಸರಿ ಹೋಗುತ್ತದಾ? 2018ರ ಜುಲೈ 18, ಆಸ್ಟ್ರೇಲಿಯಾದ ಬ್ರಿಸ್ಬೇನ್. ಅಲ್ಲಿ ಈ ಹುಳುವಿನ ಕಾಟ ಜಾಸ್ತಿ. ಅದಕ್ಕೇ ಮಲೇಷ್ಯಾ ಏರ್‌ಲೈನ್ಸ್‌ನ ಎ330 ಬಂದು ನಿಂತಾಗ ಮೂರೂ ಪಿಟೊ ಕೊಳವೆಗೆ ಮುಸುಕು ಹಾಕಿದರು. ಆ ಮುಸುಕು ಹಾಗೇ ಇದ್ದು ವಿಮಾನ ಹಾರಿಬಿಟ್ಟಿತು! ಮುಸುಕಿಗೆ ಕೆಂಪು ಪಟ್ಟಿ ನೇತಾಡುತ್ತಿರುತ್ತದೆ, ಹಾರುವ ಮುಂಚೆ ತೆಗೆಯಿರಿ ಅಂತ ಅದರ ಮೇಲೇ ಬರೆದಿರುತ್ತದೆ. ಆದರೂ ಹೊರಗೆ ನಡೆದ ತಪಾಸಣೆಗಳಲ್ಲಿ ಯಾರಿಗೂ ಕಾಣಲಿಲ್ಲ. ಓಡುವಾಗಲೇ ವೇಗದ ಅಂಕಿ ಮಾಯ. ಪೈಲಟ್‌ಗಳು ವೇಗವೇ ಗೊತ್ತಿಲ್ಲದೆ ವಿಮಾನವನ್ನು ಸುತ್ತಿಸಿ ತಂದು ಇಳಿಸಿದರು, ಎಲ್ಲರೂ ಬದುಕಿದರು.

ಏರೊಪೆರು, ಬ್ರಿಸ್ಬೇನ್ ಎರಡರಲ್ಲೂ ಪೈಲಟ್ ವಿಮಾನದ ಹೊರಗೆ ಹೋಗಿಬಂದಿದ್ದರು ಅನ್ನೋದನ್ನು ಗಮನಿಸಿ. ಪ್ರದಕ್ಷಿಣೆ ಅನ್ನೋ ಪದ ನನ್ನನ್ನು ಚುಚ್ಚುವುದು ಇದಕ್ಕೇ. ಆ ಪದದ ಲೆಕ್ಕದಲ್ಲಿ ಸುತ್ತು ಬಂದಾಯಿತು, ಕೆಲಸ ಮುಗಿಯಿತು. ಪರೀಕ್ಷೆ ಅನ್ನೋ ಪದದ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ.

ನಮ್ಮಣ್ಣನ ಮಗ ಪೈಲಟ್. ಇದನ್ನೆಲ್ಲ ಅವನ ಹತ್ತಿರ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಿಕ್ಕಪ್ಪ, ನೂರು ಸಲ ನೋಡಿದರೂ ಏನೂ ಸಿಕ್ಕಲ್ಲ. ಆಮೇಲೆ ನೂರೊಂದನೇ ಸಲ ನೀವು ತಿರುಗಿ ನೋಡೋದಕ್ಕೆ ಮುಂಚೇನೇ ಕಣ್ಣು ಎಲ್ಲ ಸರಿಯಿದೆ ಅಂದುಬಿಡುತ್ತೆ. ಅದರ ಜೊತೆ ಗುದ್ದಾಡಬೇಕು’ ಅಂದ. ಅದಕ್ಕೆ ಅವನು ಮಾಡಿಕೊಂಡಿರುವ ಉಪಾಯ ಸರಳ. ಪಿಟೊ ಕೊಳವೆ ಬಂದಾಗ ನಿಲ್ಲುತ್ತಾನೆ, ಹಗಲಿದ್ದರೂ ಟಾರ್ಚ್ ಬಿಡುತ್ತಾನೆ, ತೂತು ಕಂಡ ಮೇಲೆ ‘ತೆರೆದಿದೆ’ ಅಂತ ಬಾಯಿಬಿಟ್ಟು ಹೇಳುತ್ತಾನೆ. ಏನೂ ಇಲ್ಲ ಅಂತ ಹೇಳಲ್ಲ, ಇರಬೇಕಾದ್ದು ಇದೆ ಅಂತ ಹೇಳುತ್ತಾನೆ. ಇದು ಯಾವ ಕೈಪಿಡಿಯದೂ ಅಲ್ಲ, ಅವನದೇ ಅಭ್ಯಾಸ.

ತಪಾಸಣೆ ಬಗ್ಗೆ ಎರಡೇ ಮಾತು. ಮರಾಠಿ ಕಡೆಯಿಂದ ನಮಗೆ ಬಂದ ಪದ, ತಪ್ಪೇನಿಲ್ಲ, ಮೇಲೆ ನಾನೂ ಬಳಸಿದ್ದೇನೆ. ಆದರೆ ಅದನ್ನು ಕೇಳಿದ ಕೂಡಲೇ ಕನ್ನಡಿಗರ ಕಣ್ಣಮುಂದೆ ಬರುವುದು ಚೆಕ್‌ಪೋಸ್ಟ್, ಬ್ಯಾಗು, ಪೊಲೀಸು. ದಿನಾ ನಡೆಯುವ ಕೆಲಸಕ್ಕೆ ಹೆಡ್‌ಲೈನಿನಲ್ಲಿ ಬರೀ ಆ ಪದ ಹಾಕಿದರೆ ಜನ ಗಾಬರಿಯಾಗೋದು ಸಹಜ. ಇನ್ನು ವಾಕ್‌ಅರೌಂಡನ್ನೂ ವರ್ಕ್‌ಅರೌಂಡನ್ನೂ ಒಂದೇ ಅಂದುಕೊಂಡವರು ಬೆಂಗಳೂರಿನ ಆಫೀಸುಗಳಲ್ಲಿ ಸಾಕಷ್ಟು ಜನ ಇದ್ದಾರೆ. ವರ್ಕ್‌ಅರೌಂಡ್ ಅಂದರೆ ತೊಂದರೆಯನ್ನು ಸರಿಪಡಿಸದೆ ಪಕ್ಕದಿಂದ ದಾಟಿಹೋಗುವ ದಾರಿ. ವಾಕ್‌ಅರೌಂಡ್ ಇರುವುದು ತೊಂದರೆಯನ್ನು ಎದುರಿಗೇ ಹಿಡಿಯೋದಕ್ಕೆ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಇಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ ಪೈಲಟ್ ಯಾಕೆ ಮತ್ತೆ ನೋಡಬೇಕು? 2013ರ ಮೇ 24ರಂದು ಲಂಡನ್ನಿನ ಹೀಥ್ರೂನಿಂದ ಬ್ರಿಟಿಷ್ ಏರ್‌ವೇಸ್‌ನ ಎ319 ಹೊರಟಿತು. ರಾತ್ರಿ ನಿರ್ವಹಣೆಯ ಕೆಲಸದಲ್ಲಿ ಎರಡೂ ಎಂಜಿನ್‌ಗಳ ಹೊರಮುಚ್ಚಳದ ಚಿಲಕ ಹಾಕದೆ ಬಿಟ್ಟಿದ್ದರು. ವಿಮಾನ ನೆಲ ಬಿಡುವಾಗ ಮುಚ್ಚಳಗಳು ಕಿತ್ತು ಹಾರಿದವು, ಇಂಧನದ ಪೈಪು ತೂತಾಯಿತು, ಒಂದು ಎಂಜಿನ್‌ಗೆ ಬೆಂಕಿ ಹತ್ತಿತು. ತಿರುಗಿ ಬಂದು ಇಳಿದರು, ಎಲ್ಲರೂ ಉಳಿದರು. ಇಂಜಿನಿಯರ್‌ಗಳ ಕೈತಪ್ಪಿದ್ದನ್ನು ಹಿಡಿಯಬೇಕಾಗಿದ್ದ ಕೊನೆಯ ಕಣ್ಣು ಪೈಲಟ್‌ನದು, ಅದಕ್ಕೂ ತಪ್ಪಿಹೋಗಿತ್ತು. ಯಾಕೆ ಅಂತ ಎಂಜಿನ್ ಪಕ್ಕ ನಿಂತರೆ ತಿಳಿಯುತ್ತದೆ. ಈ ಜಾತಿಯ ವಿಮಾನದಲ್ಲಿ ಎಂಜಿನ್ ನೆಲಕ್ಕೆ ತುಂಬ ಹತ್ತಿರ, ಚಿಲಕಗಳಿರುವುದು ಅದರ ಹೊಟ್ಟೆಯ ಅಡಿಯಲ್ಲಿ. ನಿಂತು ನೋಡಿದರೆ ಮುಚ್ಚಳ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಮಂಡಿಯೂರಿ, ತಲೆ ಅಡಿಗೆ ಹಾಕಿ ನೋಡಿದರೆ ಮಾತ್ರ ಚಿಲಕ ಜೋತುಬಿದ್ದಿರುವುದು ಗೊತ್ತಾಗುತ್ತದೆ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಒದ್ದೆ ಕಾಂಕ್ರೀಟಿನ ಮೇಲೆ ಮಂಡಿಯೂರಬೇಕು.

ಹೆಡ್‌ಲೈನ್ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೆ, ‘ವಿಮಾನ ಸುತ್ತಿ ನೋಡಿದ ಪೈಲಟ್’ ಅಂತ ಬರೆಯಿರಿ, ಜಾಗವೂ ಜಾಸ್ತಿ ಹಿಡಿಯಲ್ಲ. ವಿಡಿಯೊ ತೆಗೆಯುವವರೇ, ಪೈಲಟ್ ಎಂಜಿನ್ ಹತ್ತಿರ ಬರುವವರೆಗೂ ಕಾಯಿರಿ, ಅವರು ಅಲ್ಲಿ ಬಗ್ಗುವುದನ್ನು ತೆಗೆಯಿರಿ.